ಗುಡ್ಡ ಬರೆಯೋಕೆ ಹೊರಟವರ ಚೀಲದಲ್ಲಿ ಏನಿರಬೇಕು?

ಪ್ರಶ್ನೆ: ಸಾರ್, ಜನವರಿಯಲ್ಲಿ ಚಿಕ್ಕಮಗಳೂರು ಹತ್ತಿರ ಮೂರು ದಿನದ ಆಯಿಲ್ ಪೇಂಟಿಂಗ್ ಕಾರ್ಯಾಗಾರಕ್ಕೆ ಹೆಸರು ಕೊಟ್ಟಿದ್ದೇನೆ. ಬೆಟ್ಟಗುಡ್ಡಗಳ ಎದುರೇ ಕೂತು ಬರೆಯುವುದು. ಇಷ್ಟು ದಿನ ನಾನು ಜಲವರ್ಣ ಬಿಟ್ಟು ಬೇರೇನೂ ಮುಟ್ಟಿಲ್ಲ. ಅಂಗಡಿಯವರು 24 ಬಣ್ಣದ ಸೆಟ್ ತಗೊಳ್ಳಿ ಅಂತಿದ್ದಾರೆ. ಏನು ಕೊಳ್ಳಲಿ, ಹೋಗುವ ಮೊದಲು ಏನು ಅಭ್ಯಾಸ ಮಾಡಲಿ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: 24 ಬೇಡವೇ ಬೇಡ. ಆರು ಸಾಕು. ಟೈಟೇನಿಯಂ ವೈಟ್, ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನಾ (ಕೆಂಗಂದು), ಯೆಲ್ಲೊ ಆಕರ್ (ಮಣ್ಣಿನ ಹಳದಿ), ಲೆಮನ್ ಯೆಲ್ಲೊ, ಅಲಿಜರಿನ್ ಕ್ರಿಮ್ಸನ್ (ಗಾಢ ಕೆಂಪು). ಬಿಳಿಯದು ಮಾತ್ರ ದೊಡ್ಡ ಟ್ಯೂಬ್ ಇರಲಿ, ಆಕಾಶ ಮತ್ತು ದೂರದ ಬೆಟ್ಟಗಳೇ ಅದನ್ನು ನುಂಗಿ ಹಾಕುತ್ತವೆ. ಹಸಿರು ಎಲ್ಲಿ ಅಂತ ಕೇಳುತ್ತೀರಿ, ಅಲ್ವಾ? ಟ್ಯೂಬಿನ ಹಸಿರನ್ನು ಹಾಗೇ ಬಳಿದರೆ ಗುಡ್ಡ ಪ್ಲಾಸ್ಟಿಕ್ ಹೊದಿಸಿದ ಹಾಗೆ ಕಾಣುತ್ತದೆ. ಅದೂ ಅಲ್ಲದೆ ಜನವರಿಗೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಯ ಹುಲ್ಲು ಒಣಗುತ್ತಾ ಬಂದಿರುತ್ತದೆ. ಬೆಟ್ಟದ ಮೈಯೆಲ್ಲ ಮಾಸಿದ ಹಳದಿ, ಎರಡು ಇಳಿಜಾರು ಕೂಡುವ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡಿನ ಕಪ್ಪುಹಸಿರು. ಆ ಕಾಡಿಗೆ ಅಲ್ಟ್ರಾಮರೀನ್, ಆಕರ್, ಚೂರು ಬರ್ನ್ಟ್ ಸಿಯೆನಾ ಸಾಕು. ಹುಲ್ಲಿಗೆ ಆಕರ್ ಮತ್ತು ಬಿಳಿ, ಬಿಸಿಲು ಬಿದ್ದಲ್ಲಿ ಸ್ವಲ್ಪ ಲೆಮನ್. ಕಪ್ಪು ಟ್ಯೂಬೂ ಬೇಕಿಲ್ಲ, ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನಾ ಬೆರೆಸಿದರೆ ಹೆಚ್ಚುಕಮ್ಮಿ ಕಪ್ಪೇ ಬರುತ್ತದೆ.

ಅಭ್ಯಾಸವೂ ಇದೇ ಎರಡು ಬಣ್ಣದಿಂದ ಶುರುವಾಗಲಿ. ಅವನ್ನು ಬೆರೆಸಿ, ಬಿಳಿ ಸೇರಿಸುತ್ತಾ ಹೋಗಿ, ಗಾಢದಿಂದ ತೆಳುವಿನವರೆಗೆ ಐದು ಬೂದು ಮಾಡಿ. ಆಮೇಲೆ ಯಾವುದಾದರೂ ಬೆಟ್ಟಸಾಲಿನ ಫೋಟೊ ಇಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ ನೋಡಿ, ಅಂಗೈಯಗಲದ ಚಿತ್ರವನ್ನು ಬರೀ ಆ ಐದರಲ್ಲೇ ಮುಗಿಸಿ. ಇಂಥವು ಹತ್ತಾರು ಆಗಲಿ. ಬೇಜಾರು ಬರುತ್ತದೆ, ಗೊತ್ತು. ಆದರೆ ಬೆಟ್ಟದ ಚಿತ್ರ ಗೆಲ್ಲುವುದೂ ಸೋಲುವುದೂ ಈ ತಿಳಿ-ಗಾಢದ ಲೆಕ್ಕದಲ್ಲೇ, ಬಣ್ಣದಲ್ಲಿ ಅಲ್ಲ. ನಮಗೂ ದೂರದ ಬೆಟ್ಟಕ್ಕೂ ನಡುವೆ ಮೈಲಿಗಟ್ಟಲೆ ಗಾಳಿ ಇರುತ್ತದೆ, ಆ ಗಾಳಿ ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತದೆ, ಹಾಗಾಗಿ ದೂರದ ನೆರಳೆಲ್ಲ ತೆಳುವಾಗಿ ನೀಲಿಗೆ ತಿರುಗುತ್ತದೆ. ಹೊಸಬರು ಅಲ್ಲಿ ಕಾಡಿದೆ ಅಂತ ಮನಸ್ಸಿಗೆ ಗೊತ್ತಿರುವುದರಿಂದ ಕಡೆಯ ಸಾಲಿಗೂ ಗಾಢ ಹಸಿರು ಬಳಿದು, ಒಂದೊಂದು ಮರವನ್ನೂ ತಿದ್ದುತ್ತಾ ಕೂತುಬಿಡುತ್ತಾರೆ, ಆಗ ಹತ್ತು ಕಿಲೋಮೀಟರ್ ಆಚೆಯ ಬೆಟ್ಟ ಕಾಂಪೌಂಡ್ ಗೋಡೆ ಪಕ್ಕಕ್ಕೇ ಬಂದು ನಿಲ್ಲುತ್ತದೆ.

ಜಲವರ್ಣದವರಿಗೆ ತೊಡಕಾಗುವುದು ಇನ್ನೊಂದು ಕಡೆ. ಅಲ್ಲಿ ಕಾಗದದ ಬಿಳಿ ಉಳಿಸಿಕೊಂಡು ತಿಳಿಯಿಂದ ಗಾಢಕ್ಕೆ ಹೋಗುತ್ತೀರಿ, ಎಣ್ಣೆಬಣ್ಣದಲ್ಲಿ ಸಾಮಾನ್ಯವಾಗಿ ನೆರಳನ್ನು ಮೊದಲು ತೆಳ್ಳಗೆ ಹಾಕಿ, ದಪ್ಪ ಬಿಳಿಯನ್ನು ಕೊನೆಗಿಟ್ಟುಕೊಳ್ಳುತ್ತೇವೆ. ಮೊದಲ ಪದರಕ್ಕೆ ಬಣ್ಣ ತೆಳುಮಾಡುವ ಟರ್ಪೆಂಟೈನ್, ಮೇಲಿನ ಪದರಕ್ಕೆ ಅಗಸೆ ಎಣ್ಣೆ ಜಾಸ್ತಿ. ಉಲ್ಟಾ ಮಾಡಿದರೆ ಕೆಳಗಿನದು ಒಣಗುವ ಮೊದಲೇ ಮೇಲಿನದು ಬಿಗಿದು ಮುಂದೆ ಬಿರುಕು ಬಿಡುತ್ತದೆ.

ಬ್ರಷ್ ಹಂದಿಕೂದಲಿನ ಚಪ್ಪಟೆಯವು ಮೂರು-ನಾಲ್ಕು, ಅದರಲ್ಲೊಂದು ಮಾತ್ರ ಎರಡು ಬೆರಳಷ್ಟು ಅಗಲದ್ದು. ನಿಮ್ಮ ಜಲವರ್ಣದ ಮೆತ್ತನೆ ಬ್ರಷ್ ಮನೆಯಲ್ಲೇ ಇರಲಿ. ಪ್ಯಾಲೆಟ್ ನೈಫ್ ಒಂದು, 10×12 ಇಂಚಿನ ಕ್ಯಾನ್ವಾಸ್ ಬೋರ್ಡ್ ಐದಾರು, ಹಳೇ ಬನಿಯನ್ ಬಟ್ಟೆ ಧಾರಾಳ. ಈಸೆಲ್‌ಗೆ (ಕ್ಯಾನ್ವಾಸ್ ನಿಲ್ಲಿಸುವ ಸ್ಟ್ಯಾಂಡಿಗೆ) ನೇತುಹಾಕೋಕೆ ಒಂದು ಕೈಚೀಲ ಇಟ್ಟುಕೊಳ್ಳಿ, ಬೆಟ್ಟದ ಮೇಲೆ ಅದರೊಳಗೆ ಕಲ್ಲು ತುಂಬಿ, ಇಲ್ಲದಿದ್ದರೆ ಗಾಳಿಗೆ ಕ್ಯಾನ್ವಾಸ್ ಸಮೇತ ಎಲ್ಲ ಮಗುಚುತ್ತದೆ. ಮಾಸಲು ಬಣ್ಣದ ಅಂಗಿ ಹಾಕಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ, ಬಿಸಿಲಲ್ಲಿ ಕೆಂಪು ಅಂಗಿ ಹಾಕಿ ನಿಂತರೆ ಆ ಕೆಂಪು ಹಸಿ ಬಣ್ಣದ ಮೇಲೆ ಹೊಳೆದು, ನೀವು ಬೆರೆಸಿದ ಬೂದು ಯಾವುದು ಅಂತಲೇ ತಿಳಿಯುವುದಿಲ್ಲ. ಎರಡು ಗಂಟೆ ಕಳೆದರೆ ನೆರಳು ಪೂರಾ ಜಾಗ ಬದಲಿಸಿರುತ್ತದೆ. ಅದಕ್ಕೇ ನೆರಳಿನ ಆಕಾರವನ್ನು ಮೊದಲೇ ಗುರುತು ಹಾಕಿಬಿಡಿ, ಆಮೇಲೆ ಬೆಟ್ಟ ಏನೇ ತೋರಿಸಿದರೂ ಬದಲಿಸಬೇಡಿ.

ನಡುವೆ ಬೆಂಗಳೂರಿಗೆ ಬಂದರೆ ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯಾದ ಚಿತ್ರಕಾರ ನಿಕೊಲಸ್ ರೋರಿಕ್ ಬರೆದ ಹಿಮಾಲಯ ನೋಡಿ. ಅವರು ಹೆಚ್ಚಾಗಿ ಬಳಸಿದ್ದು ಟೆಂಪೆರಾ (ಮೊಟ್ಟೆ ಅಥವಾ ಅಂಟಿನಲ್ಲಿ ಕಲಸಿದ ಬಣ್ಣ), ಎಣ್ಣೆಬಣ್ಣ ಅಲ್ಲ. ಆದರೂ ಒಂದರ ಹಿಂದೊಂದು ಸಾಲನ್ನು ಎಷ್ಟು ಕಡಿಮೆ ಛಾಯೆಗಳಲ್ಲಿ ನಿಲ್ಲಿಸಿದ್ದಾರೆ ಅನ್ನುವುದನ್ನು ಹತ್ತಿರ ನಿಂತು ಎಣಿಸಿ. ನಮ್ಮ ಕೆ. ವೆಂಕಟಪ್ಪನವರ (1886–1965) ಊಟಿ, ಕೊಡೈಕೆನಾಲ್ ಚಿತ್ರಗಳು ನಿಮ್ಮದೇ ಜಲವರ್ಣ, ಮಂಜನ್ನು ಅವರಷ್ಟು ತಾಳ್ಮೆಯಿಂದ ನೋಡಿದವರು ಕಡಿಮೆ.

ಪ್ರಶ್ನೆ: ಇಂಥದ್ದೇ ಶಿಬಿರಕ್ಕೆ ರೈಲಿನಲ್ಲಿ ಹೋಗಬೇಕು. ಟರ್ಪೆಂಟೈನ್ ಒಯ್ಯಬಹುದಾ? ಬರುವಾಗ ಚಿತ್ರ ಒಣಗದೇ ಇದ್ದರೆ ಏನು ಮಾಡುವುದು ಮೇಡಂ ಅಥವಾ ಸಾರ್?
— ಓದುಗರು, ಹುಬ್ಬಳ್ಳಿ

ಉತ್ತರ: ಮೇಡಂ. ಟರ್ಪೆಂಟೈನ್ ಬೇಗ ಬೆಂಕಿ ಹೊತ್ತಿಕೊಳ್ಳುವ ವಸ್ತು, ರೈಲಿಗೂ ಬೇಡ, ವಿಮಾನಕ್ಕೂ ಬೇಡ. ಅಲ್ಲೇ ಒದಗಿಸುತ್ತಾರಾ ಅಂತ ಶಿಬಿರದವರಿಗೆ ಈಗಲೇ ಫೋನ್ ಮಾಡಿ ಕೇಳಿ. ಚಿತ್ರವಂತೂ ಒಣಗಿರುವುದಿಲ್ಲ, ಬಿಡಿ. ತೆಳ್ಳಗೆ ಹಾಕಿದ್ದಕ್ಕೇ ಕೆಲವು ದಿನ ಬೇಕು, ಬಿಳಿ ದಪ್ಪಗೆ ಬಳಿದಿದ್ದರೆ ವಾರಗಳು. ಒಂದೇ ಅಳತೆಯ ಎರಡು ಬೋರ್ಡುಗಳನ್ನು ಮುಖಾಮುಖಿ ಮಾಡಿ, ನಾಲ್ಕು ಮೂಲೆಗೂ ಬಾಟಲಿ ಬಿರಡೆಯ ಚೂರು ಇಟ್ಟು, ಅಲುಗಾಡದ ಹಾಗೆ ದಾರದಲ್ಲಿ ಬಿಗಿಯಾಗಿ ಕಟ್ಟಿ. ಮೂಲೆಯಲ್ಲಿ ಬಿದ್ದ ಚುಕ್ಕೆಯನ್ನು ಮನೆಗೆ ಬಂದು ತಿದ್ದಿದರಾಯಿತು.

ಕೇಳದಿದ್ದರೂ ಒಂದು ಹೇಳುತ್ತೇನೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ರೂಮಿನ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಗಾಳಿಯಾಡದ ಮುದ್ದೆಯಲ್ಲಿ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ನೀರು ತುಂಬಿದ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ.

ಪ್ರಶ್ನೆ: ಅಕ್ರಿಲಿಕ್ ಮೇಲೆ ಎಣ್ಣೆಬಣ್ಣ ಹಚ್ಚಬಹುದಾ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಹಚ್ಚಬಹುದು, ಕೆಳಗಿನ ಅಕ್ರಿಲಿಕ್ ತೆಳ್ಳಗಿದ್ದು ಪೂರ್ತಿ ಒಣಗಿರಬೇಕು ಅಷ್ಟೆ. ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ಮಾತ್ರ ಬೇಡ, ಹಿಡಿಯುವುದಿಲ್ಲ, ಸಿಪ್ಪೆ ಏಳುತ್ತದೆ. ದಾವಣಗೆರೆಯವರೂ ಇದನ್ನು ಓದಿಕೊಳ್ಳಲಿ: ಹೊರಡುವ ಹಿಂದಿನ ದಿನ ಬೋರ್ಡುಗಳಿಗೆ ನೀರಾದ ಬರ್ನ್ಟ್ ಸಿಯೆನಾ ಅಕ್ರಿಲಿಕ್ ಒಂದು ಕೈ ಬಳಿದಿಟ್ಟರೆ ಬಿಸಿಲಲ್ಲಿ ಬಿಳಿ ಕ್ಯಾನ್ವಾಸ್ ಕಣ್ಣು ಕುಕ್ಕುವುದು ತಪ್ಪುತ್ತದೆ.