ಮನೆ ಸಂಖ್ಯೆ 14ರ ಪಕ್ಕದಲ್ಲಿ 227 ಏಕೆ?

ನಗರಗಳು ರಸ್ತೆಗಳಿಗೆ ಹೆಸರಿಡುವ ರೀತಿಯ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ. ಪತ್ರದ ಸಾರ ಇಷ್ಟು: “ನಮ್ಮ ಮನೆಯ ಸಂಖ್ಯೆ 14. ಬಲಕ್ಕಿರುವ ಮನೆ 227, ಎದುರುಮನೆ 31/ಎ. ನಮ್ಮದು ಒಂದನೇ ಅಡ್ಡರಸ್ತೆ; ಪಕ್ಕದ ಬಡಾವಣೆಯಲ್ಲೂ ಒಂದನೇ ಅಡ್ಡರಸ್ತೆ ಇದೆ. ತಂದೆಯವರಿಗೆ ಎದೆನೋವು ಕಾಣಿಸಿಕೊಂಡ ರಾತ್ರಿ ಆಂಬುಲೆನ್ಸ್ ಅಲ್ಲಿಗೆ ಹೋಗಿ ನಿಂತಿತ್ತು. ಈಗ ನಮ್ಮ ರಸ್ತೆಗೆ ಗಣ್ಯರೊಬ್ಬರ ಹೆಸರಿಡಲು ಹೊರಟಿದ್ದಾರೆ. ಸಂಖ್ಯೆಗಳನ್ನು ಸಾಲಾಗಿ ಕೊಡಲು ಏನು ಕಷ್ಟ? ಹೆಸರು ಬದಲಿಸುವುದನ್ನು ಒಪ್ಪಬೇಕೇ? ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇದೆಲ್ಲವನ್ನೂ ಬಿಟ್ಟು ಮನೆಗೊಂದು ಕೋಡ್ ಕೊಟ್ಟರೆ ಸಾಲದೇ?”

ಪ್ರಿಯ ಓದುಗರೇ,

ತಂದೆಯವರು ಚೇತರಿಸಿಕೊಂಡರು ಎಂಬ ಸಾಲನ್ನು ಪತ್ರದ ಕೊನೆಯಲ್ಲಿ ಓದಿದ ಮೇಲೆ ಮನಸ್ಸು ಹಗುರವಾಯಿತು. ಆ ರಾತ್ರಿಯ ಸಂಗತಿಯನ್ನೇ ಹಿಡಿದು ಉತ್ತರಿಸುತ್ತೇನೆ. ನಿಮ್ಮ ಮನೆ ಎಲ್ಲಿದೆಯೆಂಬುದು ನಿಮಗೆ ಗೊತ್ತು, ನೆರೆಯವರಿಗೆ ಗೊತ್ತು, ವರ್ಷಗಳಿಂದ ಕಾಗದ ತಲುಪಿಸುತ್ತಿರುವ ಅಂಚೆಯವರಿಗೂ ಗೊತ್ತು. ವಿಳಾಸ ಬೇಕಾಗಿರುವುದು ಆ ರಸ್ತೆಗೆ ಎಂದೂ ಕಾಲಿಡದ, ಅವಸರದಲ್ಲಿರುವ ಹೊಸಬರಿಗೆ. ಹೆಸರಿಡುವಾಗಲೂ ಸಂಖ್ಯೆ ಕೊಡುವಾಗಲೂ ಬದಲಿಸುವಾಗಲೂ ನಗರಾಡಳಿತ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದರಿಂದ ಆ ಹೊಸಬರಿಗೆ ಮನೆ ಸಿಗುತ್ತದೆಯೇ?

ಮನೆ ಸಂಖ್ಯೆಗಳಲ್ಲಿ ಬಹಳಷ್ಟು ಹುಟ್ಟಿದ್ದು ಈ ಪ್ರಶ್ನೆಯಿಂದಲ್ಲ. 1770ರಲ್ಲಿ ಮಹಾರಾಣಿ ಮರಿಯಾ ಥೆರೇಸಾ ಆಸ್ಟ್ರಿಯಾದ ಸೀಮೆಯಲ್ಲಿ ಮನೆಮನೆಗೂ ಸಂಖ್ಯೆ ಬರೆಸಿದ್ದು ಸೇನೆಗೆ ಸೇರಿಸಬಹುದಾದ ಗಂಡಸರ ಲೆಕ್ಕ ಹಿಡಿಯಲು. ಅದು ರಸ್ತೆಯ ಸಂಖ್ಯೆಯಲ್ಲ, ಊರಿನ ಸಂಖ್ಯೆ. ಊರಿನಲ್ಲಿ ಇನ್ನೂರು ಮನೆಗಳಿದ್ದು, ಮೂರನೆಯ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಹೊಸ ಮನೆ ಎದ್ದರೆ ಅದಕ್ಕೆ 201 ಎಂದು ಕೊಡುತ್ತಿದ್ದರು. ದಾಖಲೆ ಬರೆಯುವವರಿಗೆ ಇದರಿಂದ ಏನೂ ತೊಂದರೆಯಿಲ್ಲ, ಪುಸ್ತಕದಲ್ಲಿ ಒಂದು ಸಾಲು ಹೆಚ್ಚಾಯಿತು, ಅಷ್ಟೇ. ಬೀದಿಯಲ್ಲಿ ನಿಂತು ಹುಡುಕುವವರ ಪಾಡು ಬೇರೆ. ವಿಯೆನ್ನಾ ನಗರ 1862ರಲ್ಲಿ ಈ ಕ್ರಮವನ್ನು ಬಿಟ್ಟು ರಸ್ತೆರಸ್ತೆಗೂ ಹೊಸದಾಗಿ ಸಂಖ್ಯೆ ಕೊಟ್ಟಿತು. ಪ್ರಾಗ್‌ನಲ್ಲಿ ಇಂದಿಗೂ ಒಂದೇ ಬಾಗಿಲಿಗೆ ಎರಡು ಫಲಕ: ಕೆಂಪು ಫಲಕದಲ್ಲಿ ದಾಖಲೆಯ ಸಂಖ್ಯೆ, ನೀಲಿ ಫಲಕದಲ್ಲಿ ರಸ್ತೆಯ ಸಂಖ್ಯೆ. ದಾಖಲೆಗೊಂದು, ದಾರಿಗೊಂದು. ಎರಡು ಕೆಲಸಗಳಿಗೆ ಎರಡು ಸಂಖ್ಯೆ ಬೇಕೆಂಬುದನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ಊರು ವಿರಳ.

ನಿಮ್ಮ 14, 227, 31/ಎ ಕೂಡ ನನ್ನ ಎಣಿಕೆಯಲ್ಲಿ ದಾಖಲೆಯ ಸಂಖ್ಯೆಗಳೇ. ಒಂದು ನಿವೇಶನದ ಸಂಖ್ಯೆ ಇರಬಹುದು, ಇನ್ನೊಂದು ತೆರಿಗೆ ಪುಸ್ತಕಕ್ಕೆ ಮನೆ ಸೇರಿದಾಗ ಸಿಕ್ಕಿದ ಸಂಖ್ಯೆ, ಮತ್ತೊಂದು ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡಾಗ ಹುಟ್ಟಿದ ಉಪಸಂಖ್ಯೆ. ಒಂದೊಂದಕ್ಕೂ ಕಾರಣವಿದೆ, ಆದರೆ ಒಂದರಿಂದಲೂ ದಾರಿ ಸಿಗುವುದಿಲ್ಲ.

ಸಾಲಾಗಿ ಕೊಡುವುದು ಕಷ್ಟವೇ ಎಂದು ಕೇಳಿದ್ದೀರಿ. ಎಲ್ಲಿಂದ ಎಣಿಸಬೇಕೆಂದು ಒಮ್ಮೆ ತೀರ್ಮಾನವಾದರೆ ಕಷ್ಟವಲ್ಲ. ಪ್ಯಾರಿಸ್ 1805ರಲ್ಲಿ ಸೇನ್ ನದಿಯನ್ನೇ ಆಧಾರವಾಗಿ ಹಿಡಿಯಿತು. ನದಿಯ ಉದ್ದಕ್ಕೆ ಸಾಗುವ ರಸ್ತೆಗಳಲ್ಲಿ ನೀರು ಹರಿಯುವ ದಿಕ್ಕಿಗೆ ಸಂಖ್ಯೆ ಏರುತ್ತದೆ. ನದಿಗೆ ಅಡ್ಡವಾದ ರಸ್ತೆಗಳಲ್ಲಿ ನದಿಯ ಕಡೆಯ ತುದಿಯಿಂದ ಎಣಿಕೆ ಶುರು. ಎಡಕ್ಕೆ ಬೆಸಸಂಖ್ಯೆ, ಬಲಕ್ಕೆ ಸಮಸಂಖ್ಯೆ. ಎರಡು ಬಾಗಿಲು ನೋಡಿದರೆ ಸಾಕು, ನದಿ ಯಾವ ಕಡೆಗಿದೆಯೆಂದು ಹೊಸಬರೂ ಊಹಿಸಬಹುದು. ಬರ್ಲಿನ್‌ನ ಹಳೆಯ ರಸ್ತೆಗಳ ಪದ್ಧತಿ ಬೇರೆ: ಸಂಖ್ಯೆ ಒಂದು ಬದಿಯಲ್ಲಿ ಕೊನೆಯವರೆಗೆ ಏರಿ, ಅಲ್ಲಿಂದ ತಿರುಗಿ ಇನ್ನೊಂದು ಬದಿಯಲ್ಲಿ ಹಿಂದಕ್ಕೆ ಬರುತ್ತದೆ. ರಸ್ತೆಯನ್ನು ಮುಂದಕ್ಕೆ ಬೆಳೆಸಬೇಕಾದಾಗ ಈ ಪದ್ಧತಿ ಕೈಕೊಡುತ್ತದೆ. ಅದಕ್ಕಿಂತ ಬೆಸ-ಸಮ ಕ್ರಮವೇ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇವೆರಡಕ್ಕಿಂತಲೂ ಉತ್ತಮವಾದದ್ದು ದೂರವನ್ನೇ ಸಂಖ್ಯೆಯಾಗಿಸುವ ಪದ್ಧತಿ, ಮತ್ತು ಅದರ ಕಥೆಯಲ್ಲಿ ನಿಮ್ಮ ಸಮಸ್ಯೆಯೇ ಇದೆ. ಚಿಕಾಗೋ 1889ರಲ್ಲಿ ಸುತ್ತಲಿನ ಹಲವು ಊರುಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಒಂದೊಂದು ಊರೂ ತನ್ನ ರಸ್ತೆಯ ಹೆಸರುಗಳನ್ನೂ ತನ್ನದೇ ಎಣಿಕೆಯನ್ನೂ ಹೊತ್ತು ತಂದಿತ್ತು. ಒಂದೇ ಹೆಸರಿನ ರಸ್ತೆಗಳು ನಗರದ ನಾಲ್ಕೂ ಕಡೆ ಇದ್ದವು. ಎಡ್ವರ್ಡ್ ಬ್ರೆನನ್ ಎಂಬ ನಾಗರಿಕ, ನಗರಾಡಳಿತದ ನೌಕರನೂ ಅಲ್ಲದವನು, 1901ರಲ್ಲಿ ಒಂದು ಯೋಜನೆ ಮುಂದಿಟ್ಟ. ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಕೂಡುವ ಜಾಗವೇ ಸೊನ್ನೆ. ಅಲ್ಲಿಂದ ನಾಲ್ಕು ದಿಕ್ಕಿಗೂ ಎಣಿಕೆ. ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ ನಗರಸಭೆ ಒಪ್ಪಿ, 1909ರ ಸೆಪ್ಟೆಂಬರ್ 1ರಂದು ಹೊಸ ಸಂಖ್ಯೆಗಳು ಜಾರಿಗೆ ಬಂದವು. ಮೈಲಿಗೆ 800ರಂತೆ ಲೆಕ್ಕ ಹಾಕಿದರೆ ಪಶ್ಚಿಮದ 3200ನೇ ಸಂಖ್ಯೆಯ ಮನೆ ಸ್ಟೇಟ್ ರಸ್ತೆಯಿಂದ ನಾಲ್ಕು ಮೈಲಿ ದೂರದಲ್ಲಿರುತ್ತದೆ. ನಕ್ಷೆ ಬಿಚ್ಚದೆ ಇಷ್ಟನ್ನು ಹೇಳಬಹುದು. ಎರಡೆರಡು ಕಡೆ ಇದ್ದ ಹೆಸರುಗಳನ್ನು ತೆಗೆಸಲೂ ಬ್ರೆನನ್ ಮುಂದೆ ಹಲವು ವರ್ಷ ದುಡಿದ. ನಗರವೊಂದಕ್ಕೆ ನಾಗರಿಕನೊಬ್ಬ ಮಾಡಬಹುದಾದ ದೊಡ್ಡ ಉಪಕಾರಗಳಲ್ಲಿ ಇದನ್ನು ಸೇರಿಸುತ್ತೇನೆ.

ಹತ್ತಿರದ ಕಾಲದ ಉದಾಹರಣೆ ದಕ್ಷಿಣ ಕೊರಿಯಾ. ಅಲ್ಲಿನ ವಿಳಾಸಗಳು ಜಪಾನಿನ ಆಳ್ವಿಕೆಯಲ್ಲಿ 1910ರ ದಶಕದ ಭೂಮಾಪನದಿಂದ ಬಂದ ಜಮೀನು ಸಂಖ್ಯೆಗಳು. ಜಮೀನು ಹೋಳಾಗುತ್ತ ಹೋದಂತೆ ಸಂಖ್ಯೆಗಳೂ ಚೆಲ್ಲಾಪಿಲ್ಲಿಯಾದವು. 2014ರ ಜನವರಿ 1ರಿಂದ ಇಡೀ ದೇಶ ರಸ್ತೆಯ ಹೆಸರಿನ ವಿಳಾಸಕ್ಕೆ ಬದಲಾಯಿತು. ರಸ್ತೆಯ ಆರಂಭದಿಂದ 20 ಮೀಟರಿಗೊಂದು ಭಾಗ. ಎಡಕ್ಕೆ ಬೆಸ, ಬಲಕ್ಕೆ ಸಮ. ಬಾಗಿಲ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ರಸ್ತೆಯ ಆರಂಭದಿಂದ ಹೆಚ್ಚುಕಡಿಮೆ ಎಷ್ಟು ಮೀಟರು ಎಂದು ತಿಳಿಯುತ್ತದೆ: 24 ಎಂದರೆ ಸುಮಾರು 240 ಮೀಟರು, ಬಲಬದಿ. ಖಾಲಿ ನಿವೇಶನದಲ್ಲಿ ನಾಳೆ ಮನೆ ಎದ್ದರೂ ಅದಕ್ಕೆ ಸೇರಬೇಕಾದ ಸಂಖ್ಯೆ ಈಗಲೇ ಕಾದಿರುತ್ತದೆ. 31/ಎ, 31/ಬಿ ಎಂದು ಬಾಲ ಬೆಳೆಸುವ ಪ್ರಮೇಯ ಅಪರೂಪ. ನಿಮ್ಮ ರಸ್ತೆಗೆ ಯಾವ ಪದ್ಧತಿ ಬೇಕೆಂದು ಯಾರಾದರೂ ಕೇಳಿದರೆ ಇದನ್ನೇ ಹೇಳಿ.

ರಸ್ತೆಯನ್ನೇ ಲೆಕ್ಕಕ್ಕೆ ಹಿಡಿಯದ ಊರುಗಳೂ ಇವೆ. ಜಪಾನಿನಲ್ಲಿ ಬಹುಪಾಲು ರಸ್ತೆಗಳಿಗೆ ಹೆಸರಿಲ್ಲ. ರಸ್ತೆಗಳ ನಡುವಿನ ಕಟ್ಟಡಗಳ ಗುಂಪಿಗೆ ಸಂಖ್ಯೆ, ಗುಂಪಿನೊಳಗೆ ಸುತ್ತು ಹಾಕಿಕೊಂಡು ಕಟ್ಟಡಗಳಿಗೆ ಸಂಖ್ಯೆ. ನಿಕರಾಗುವಾದ ಮನಾಗುವಾದಲ್ಲಿ ಗುರುತುಗಳೇ ವಿಳಾಸ. ಇಂಥ ಕಟ್ಟಡದಿಂದ ಸರೋವರದ ಕಡೆಗೆ ಎರಡು ಅಡ್ಡರಸ್ತೆ ದಾಟಿ, ಆಮೇಲೆ ಒಂದು ಅಡ್ಡರಸ್ತೆ ಮೇಲಕ್ಕೆ ಎಂದು ಬರೆಯುತ್ತಾರೆ. ಸರೋವರದ ಕಡೆಗೆ ಎಂದರೆ ಉತ್ತರ, ಮೇಲಕ್ಕೆ ಎಂದರೆ ಸೂರ್ಯ ಏರುವ ಪೂರ್ವ. 1972ರ ಭೂಕಂಪದಲ್ಲಿ ಆ ಕಟ್ಟಡಗಳಲ್ಲಿ ಎಷ್ಟೋ ನೆಲಸಮವಾದವು. ಆದರೂ ಜನ ಅವು ಇದ್ದ ಜಾಗದಿಂದಲೇ ಎಣಿಸುತ್ತ ಬಂದರು. ಆ ಊರಿನವರ ನೆನಪಿನ ಶಕ್ತಿಗೆ ಕೈಮುಗಿಯಬೇಕು. ಹೊರಗಿನಿಂದ ಬಂದ ವೈದ್ಯರಿಗೆ ಆ ನೆನಪು ಇರುವುದಿಲ್ಲ ಎಂಬುದೇ ನನ್ನ ಚಿಂತೆ.

ಇನ್ನು ಕೋಡ್ ವಿಷಯ. ಐರ್ಲೆಂಡ್ 2015ರಲ್ಲಿ ಪ್ರತಿಯೊಂದು ವಿಳಾಸಕ್ಕೂ ಏಳು ಅಕ್ಷರ-ಅಂಕಿಗಳ ಪ್ರತ್ಯೇಕ ಕೋಡ್ ಕೊಟ್ಟಿತು. ಅಲ್ಲಿನ ಹಳ್ಳಿಗಾಡಿನಲ್ಲಿ ಹಲವು ಮನೆಗಳಿಗೆ ಒಂದೇ ವಿಳಾಸವಿದ್ದುದರಿಂದ ಅದು ಉಪಯುಕ್ತ ಕೆಲಸವೇ. ಆದರೆ ಅಕ್ಕಪಕ್ಕದ ಮನೆಗಳ ಕೋಡ್‌ಗಳು ಒಂದರ ಮುಂದೊಂದು ಬರುವುದಿಲ್ಲ, ಆದ್ದರಿಂದ ಒಂದು ಬಾಗಿಲ ಕೋಡ್ ನೋಡಿ ಮುಂದಿನ ಬಾಗಿಲನ್ನು ಊಹಿಸಲಾಗದು. ಗಾಬರಿಯಲ್ಲಿ ಫೋನ್ ಮಾಡುವವರನ್ನು ನೆನೆಯಿರಿ. ರಸ್ತೆಯ ಹೆಸರು ಸರಿಯಾಗಿದ್ದು 24ರ ಬದಲು 26 ಎಂದರೆ ಆಂಬುಲೆನ್ಸ್ ಪಕ್ಕದ ಮನೆಯ ಮುಂದೆ ಬಂದು ನಿಲ್ಲುತ್ತದೆ, ನೀವು ಗೇಟಿನಿಂದ ಕೈಬೀಸಿದರೆ ಕಾಣುತ್ತದೆ. ಕೋಡ್‌ನಲ್ಲಿ ಒಂದು ಅಕ್ಷರ ತಪ್ಪಿದರೆ ಅಂಥ ಆಸರೆಯಿಲ್ಲ. ಮೊಬೈಲ್ ನಕ್ಷೆಯೂ ಯಾರೋ ದಾಖಲಿಸಿದ ವಿಳಾಸಗಳನ್ನೇ ನಂಬಿ ಕೂತಿದೆ. ಒಂದು ಮನೆ ದಾಖಲಾಗಿರದಿದ್ದರೆ ತಂತ್ರಾಂಶ ರಸ್ತೆಯ ಎರಡು ತುದಿಗಳ ಸಂಖ್ಯೆ ನೋಡಿ, ನಡುವೆ ಎಲ್ಲಿರಬಹುದೆಂದು ಅಂದಾಜು ಮಾಡುವುದುಂಟು. 14ರ ಪಕ್ಕ 227 ಇರುವ ರಸ್ತೆಯಲ್ಲಿ ಆ ಅಂದಾಜು ಎಲ್ಲಿಗೆ ಕರೆದೊಯ್ಯಬಹುದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕೋಡ್ ಇರಲಿ, ಆದರೆ ಗೋಡೆಯ ಮೇಲಿನ ಸಂಖ್ಯೆಯ ಜೊತೆಗೆ ಇರಲಿ.

ಕಟ್ಟಡದೊಳಗೂ ಇದೇ ಮಾತು. ವ್ಯಾಂಕೂವರ್ ನಗರದಲ್ಲಿ ಅಶುಭವೆಂದು 4, 13ನೇ ಮಹಡಿಗಳ ಸಂಖ್ಯೆ ಬಿಟ್ಟು ಎಣಿಸುವ ರೂಢಿಯಿತ್ತು. ಅಗ್ನಿಶಾಮಕದವರಿಗೆ ಮಹಡಿ ತಪ್ಪಬಾರದೆಂದು ಹೊಸ ಕಟ್ಟಡಗಳಲ್ಲಿ ಹಾಗೆ ಬಿಡುವುದನ್ನು ನಗರಾಡಳಿತ 2015ರಲ್ಲಿ ನಿಲ್ಲಿಸಿತು. ಸರಿಯಾದ ಕ್ರಮ.

ಹೆಸರು ಬದಲಾವಣೆಯ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಅರ್ಧ ಹಿಡಿಸೀತು, ಅರ್ಧ ಹಿಡಿಸಲಾರದು. ನಿಮ್ಮ ರಸ್ತೆಯ ಹೆಸರು ಬದಲಾಗಲೇಬೇಕು, ಏಕೆಂದರೆ ಒಂದೇ ಹೆಸರಿನ ಎರಡು ರಸ್ತೆಗಳು ಅಕ್ಕಪಕ್ಕ ಇರುವುದು ಅಪಾಯ. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಒಂದೇ ಹೆಸರಿನ ರಸ್ತೆಗಳು ಎಷ್ಟಾದವೆಂದರೆ, 1855ರ ಕಾನೂನಿನ ಮೂಲಕ ನಗರಕ್ಕೊಂದು ಮಂಡಳಿ ರಚಿಸಿ, ಹೆಸರು ಮತ್ತು ಸಂಖ್ಯೆಗಳನ್ನು ಸರಿಪಡಿಸುವ ಅಧಿಕಾರವನ್ನು ಅದಕ್ಕೆ ಕೊಡಬೇಕಾಯಿತು. ಆದರೆ ದ್ವಂದ್ವ ನಿವಾರಣೆಗೆ ಹೆಸರು ಬದಲಿಸುವುದು ಬೇರೆ, ಗೌರವಕ್ಕಾಗಿ ಬದಲಿಸುವುದು ಬೇರೆ. ಎರಡನೆಯದರ ಬೆಲೆಯನ್ನು ತೆರುವವರು ಅಲ್ಲಿ ವಾಸಿಸುವವರು: ಬ್ಯಾಂಕು, ಗುರುತಿನ ಚೀಟಿ, ಆಸ್ತಿಪತ್ರ, ಮಕ್ಕಳ ಶಾಲೆಯ ದಾಖಲೆ ಎಲ್ಲವನ್ನೂ ತಿದ್ದಿಸಲು ಅಲೆಯಬೇಕು. ಬದಲಾವಣೆಯ ಗುರುತು ಬಹುಕಾಲ ಉಳಿಯುತ್ತದೆ. ಬರ್ಲಿನ್‌ನ ಕುರ್ಫರ್ಸ್ಟೆನ್‌ಡಾಮ್ ರಸ್ತೆಯ ಮನೆಗಳ ಎಣಿಕೆ 11ರಿಂದ ಆರಂಭವಾಗುತ್ತದೆ, ಏಕೆಂದರೆ ಮೊದಲ ಹತ್ತು ಸಂಖ್ಯೆಗಳಿದ್ದ ತುಂಡಿಗೆ 1925ರಲ್ಲಿ ಬೇರೆ ಹೆಸರಿಟ್ಟರು. ಲಂಡನ್ನಿನಲ್ಲಿ 1854ರ ಕಾಲರಾದಲ್ಲಿ ಸತ್ತವರ ವಿಳಾಸಗಳನ್ನು ಹಿಡಿದು ಮನೆಮನೆ ವಿಚಾರಿಸಿದ ವೈದ್ಯ ಜಾನ್ ಸ್ನೋ, ರೋಗದ ಮೂಲ ಬ್ರಾಡ್ ರಸ್ತೆಯ ನೀರಿನ ಪಂಪೆಂದು ತೋರಿಸಿದ. ಆ ರಸ್ತೆ 1936ರಿಂದ ಬ್ರಾಡ್‌ವಿಕ್ ರಸ್ತೆ. ಹಳೆಯ ಕಾಗದ ಓದುವವರಿಗೆ ಎರಡೂ ಹೆಸರು ತಿಳಿದಿರಬೇಕು.

ಗಣ್ಯರನ್ನು ನೆನೆಯಲು ಬೇರೆ ದಾರಿಯಿದೆ. ಚಿಕಾಗೋದಲ್ಲಿ ರಸ್ತೆಯ ಅಧಿಕೃತ ಹೆಸರಿನ ಹಸಿರು ಫಲಕದ ಜೊತೆಗೆ ಗೌರವದ ಹೆಸರನ್ನು ಕಂದು ಬಣ್ಣದ ಫಲಕದಲ್ಲಿ ಹಾಕುತ್ತಾರೆ. ಯಾರ ವಿಳಾಸವೂ ಬದಲಾಗುವುದಿಲ್ಲ. ನಿಮ್ಮ ರಸ್ತೆಗೆ ಹೇಗೂ ಹೊಸ ಹೆಸರು ಬೇಕಿರುವುದರಿಂದ ಆ ಗಣ್ಯರ ಹೆಸರೇ ಬಂದರೂ ನನ್ನ ತಕರಾರಿಲ್ಲ. ಅದು ನಗರದ ಇನ್ನೊಂದು ರಸ್ತೆಗೆ ಇರಬಾರದು, ಅದಕ್ಕೆ ಹೋಲುವ ಹೆಸರೂ ಹತ್ತಿರದಲ್ಲಿ ಇರಬಾರದು, ಮತ್ತು ಫೋನಿನಲ್ಲಿ ಒಂದೇ ಉಸಿರಿಗೆ ಹೇಳುವಷ್ಟು ಚಿಕ್ಕದಿರಬೇಕು. ಬಿರುದುಬಾವಲಿಗಳೊಂದಿಗೆ ಆರು ಪದಗಳಾಗುವ ಹೆಸರನ್ನು ಜನ ತಮಗೆ ತೋಚಿದಂತೆ ಮೊಟಕುಗೊಳಿಸುತ್ತಾರೆ, ಆಮೇಲೆ ಒಂದೇ ರಸ್ತೆಗೆ ಮೂರು ಹೆಸರು ಓಡಾಡುತ್ತವೆ.

ಹೆಸರಿನ ಬಗ್ಗೆ ಮುಂದಿನ ತಿಂಗಳು ಸಭೆಯಿದೆ ಎಂದಿದ್ದೀರಿ. ಅಲ್ಲಿಗೆ ಬರಿಗೈಯಲ್ಲಿ ಹೋಗಬೇಡಿ. ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದು, ಕಾಗದದ ಮೇಲೆ ಎರಡು ಗೆರೆ ಎಳೆದು, ಪ್ರತಿ ಬಾಗಿಲಿನ ಈಗಿನ ಸಂಖ್ಯೆಯನ್ನು ಅದರ ಜಾಗದಲ್ಲಿ ಬರೆಯಿರಿ. ಖಾಲಿ ನಿವೇಶನಗಳನ್ನೂ ತೋರಿಸಿ. ಅದೇ ಕಾಗದದಲ್ಲಿ ದೂರದ ಲೆಕ್ಕದ ಹೊಸ ಸಂಖ್ಯೆಯನ್ನು ಬೇರೆ ಬಣ್ಣದಲ್ಲಿ ಬರೆದರೆ ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ. ಮನವಿಯಲ್ಲಿ ಇಷ್ಟನ್ನು ಕೇಳಿ: ಹೆಸರು, ಸಂಖ್ಯೆ ಎರಡೂ ಒಂದೇ ದಿನ ಬದಲಾಗಲಿ, ಎರಡು ಸಲ ಅಲೆದಾಟ ಬೇಡ. ರಸ್ತೆಯ ಎರಡೂ ತುದಿಗಳಲ್ಲಿ ಹೆಸರಿನ ಕೆಳಗೆ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಎಂದು ಬರೆದಿರಲಿ. ಜರ್ಮನಿಯ ಊರುಗಳಲ್ಲಿ ಹಳೆಯ ಫಲಕಕ್ಕೆ ಕೆಂಪು ಗೆರೆ ಹೊಡೆದು ಕೆಲಕಾಲ ಹೊಸದರ ಜೊತೆಯಲ್ಲೇ ಉಳಿಸುವಂತೆ ಇಲ್ಲೂ ಉಳಿಸಲಿ. ಅಂಚೆ, ಆಂಬುಲೆನ್ಸ್, ಅಗ್ನಿಶಾಮಕ ಮೂವರಿಗೂ ಹಳೆಯ-ಹೊಸ ವಿಳಾಸಗಳ ಪಟ್ಟಿ ಬದಲಾವಣೆಗೆ ಮುಂಚೆಯೇ ತಲುಪಲಿ. ನಿವಾಸಿಗಳಿಗೆ ಎರಡೂ ವಿಳಾಸ ಒಂದೇ ಮನೆಯದೆಂಬ ಪ್ರಮಾಣಪತ್ರವನ್ನು ನಗರಾಡಳಿತವೇ ಉಚಿತವಾಗಿ ಕೊಡಲಿ.

ಪಕ್ಕದ ಬಡಾವಣೆಯ ಒಂದನೇ ಅಡ್ಡರಸ್ತೆಯವರನ್ನೂ ಸಭೆಗೆ ಕರೆಯಿರಿ. ಅವರ ಮನೆಗೆ ಬರಬೇಕಾದ ಆಂಬುಲೆನ್ಸ್ ನಿಮ್ಮ ಬಾಗಿಲಿಗೆ ಬಂದು ನಿಂತದ್ದೂ ಇರಬಹುದು. ಮನವಿಯ ಪ್ರತಿಯನ್ನೂ ಆ ಕೈನಕ್ಷೆಯನ್ನೂ ನಮಗೆ ಕಳುಹಿಸಿ, ನಿಮ್ಮ ಒಪ್ಪಿಗೆಯಿದ್ದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ