ಓದುಗರ ಪ್ರಶ್ನೆ: ಆ ಏಣಿಗೆ ಏನರ್ಥ?

ಪ್ರಶ್ನೆ: ಮಂಗಳೂರಿನ ಒಂದು ಪ್ರದರ್ಶನದಲ್ಲಿ ನೋಡಿದ ಕ್ಯಾನ್ವಾಸ್ ತಲೆಯಿಂದ ಹೋಗ್ತಾನೇ ಇಲ್ಲ. ಮುರಕಲ್ಲಿನ ಬಣ್ಣದ ಬಯಲು, ಕೊನೆಯಲ್ಲಿ ನೀಲಿ ಗೆರೆಯಷ್ಟೇ ಸಮುದ್ರ. ನಡುವೆ ಎಲ್ಲಿಗೂ ಒರಗದೆ ನಿಂತ ಒಂಟಿ ಬಿದಿರಿನ ಏಣಿ. ಸೂರ್ಯ ಇರಬೇಕಾದ ಕಡೆ ಬಾಯಿ ತೆರೆದ ಮರುವಾಯಿ ಚಿಪ್ಪು. ಅಲ್ಲಲ್ಲಿ ಏನೆಂದು ಹೇಳಲಾಗದ ಕಪ್ಪು ಆಕಾರಗಳು. ಗೆಳತಿ ‘ಏಣಿ ಅಂದ್ರೆ ಮಹತ್ವಾಕಾಂಕ್ಷೆ, ಚಿಪ್ಪು ಅಂದ್ರೆ ಹೆಣ್ಣು, ಕಪ್ಪು ಅಂದ್ರೆ ಸಾವು’ ಎಂದಳು. ಕಲಾವಿದರನ್ನು ಕೇಳಿದರೆ ‘ನಿಮಗೆ ಏನು ಕಾಣ್ತದೋ ಅದೇ’ ಅಂತ ನಕ್ಕರು. ಯಾರ ಮಾತು ಸರಿ?
– ಓದುಗರೊಬ್ಬರು, ಉಡುಪಿ

ಉತ್ತರ: ನಿಮ್ಮ ಗೆಳತಿಯ ರೀತಿ ಬೇರೆ ಚಿತ್ರಗಳಿಗೆ ಚೆನ್ನಾಗಿ ಒಗ್ಗುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿಗೆ ಹೋಗಿ, ಇಟಲಿಯ ಆಂಟೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳನ್ನು ನೋಡಿ. ಕ್ರೈಸ್ತ ಚಿತ್ರಗಳಲ್ಲಿ ಸಂತರ ಜೊತೆ ಬರುವ ಲಿಲ್ಲಿ ಹೂವೆಂದರೆ ಪರಿಶುದ್ಧತೆ, ಇದು ಶತಮಾನಗಳಿಂದ ಎಲ್ಲರೂ ಒಪ್ಪಿಕೊಂಡ ಅರ್ಥ. ಯಕ್ಷಗಾನದ ಬಣ್ಣದ ವೇಷದ ಮುಖದಲ್ಲಿ ಚಿಟ್ಟಿ, ಅಂದರೆ ಉಬ್ಬಿದ ಬಿಳಿ ಚುಕ್ಕಿಗಳು, ಕಂಡ ಕೂಡಲೇ ರಾಕ್ಷಸ ಅಂತ ಗೊತ್ತಾಗುವುದಿಲ್ವಾ, ಅದೂ ಹೀಗೇ.

ನೀವು ನೋಡಿದ್ದು ಸರ್ರಿಯಲಿಸ್ಟ್ ರೀತಿಯ, ಅಂದರೆ ತರ್ಕ ಬಿಟ್ಟು ಕನಸಿನ ಹಾಗೆ ಬಿಡಿಸಿದ ಚಿತ್ರ. ಸರ್ರಿಯಲಿಸ್ಟರು ಅಂಥ ಒಪ್ಪಂದವನ್ನೇ ಮುರಿಯಲು ಹೊರಟವರು. 1924ರಲ್ಲಿ ಪ್ಯಾರಿಸ್‌ನಲ್ಲಿ ಅವರ ಮುಂದಾಳು, ಕವಿ ಆಂಡ್ರೆ ಬ್ರೆಟನ್ ಆ ಪಂಥದ ಪ್ರಣಾಳಿಕೆ ಬರೆದಾಗ, ಬುದ್ಧಿಯ ಕಾವಲಿಲ್ಲದೆ ಮನಸ್ಸಿನಲ್ಲಿ ಬಂದದ್ದು ಬಂದಹಾಗೇ ಹೊರಬರಲಿ ಎಂದಿದ್ದರು. ಹಾಗೆ ಬಂದ ಏಣಿಗೆ ನಿಘಂಟಿನ ಅರ್ಥ ಹಚ್ಚಿದರೆ ಚಿತ್ರ ಅಲ್ಲಿಗೇ ಮುಗಿದುಹೋಗುತ್ತದೆ. ಸ್ಪೇನಿನ ಸರ್ರಿಯಲಿಸ್ಟ್ ಸಾಲ್ವಡಾರ್ ಡಾಲಿಯ 1931ರ ಕರಗುವ ಗಡಿಯಾರಗಳ ಚಿತ್ರ ಬರೀ 24 ಸೆಂ.ಮೀ. ಎತ್ತರ, 33 ಸೆಂ.ಮೀ. ಅಗಲ. ಅದರಲ್ಲಿ ಜನ ಐನ್‌ಸ್ಟೈನನ ಸಿದ್ಧಾಂತ ಹುಡುಕಿದರು. ಡಾಲಿ ಹೇಳಿದ್ದು ಮೆತ್ತಗಾದ ಕಮೆಂಬೇರ್ ಚೀಸಿನ ಮಾತು. ಹಿಂದೆ ಕಾಣುವ ಬಂಡೆಗಳಂತೂ ಅವನ ಊರ ಕಡೆಯ ಕ್ಯಾಪ್ ಡಿ ಕ್ರೇಯಸ್‌ನವೇ.

ಹಾಗಾಗಿ ಅರ್ಥ ಕೇಳುವ ಮೊದಲು, ಇದು ಎಲ್ಲಿಯ ವಸ್ತು ಅಂತ ಕೇಳಿ. ‘ಒಂಟಿ ಬಿದಿರಿನ ಏಣಿ’ ಎಂದು ನೀವೇ ಬರೆದಿದ್ದೀರಿ, ನನಗೆ ಎಲ್ಲಕ್ಕಿಂತ ದೊಡ್ಡ ಸುಳಿವು ಅದು. ಗಂಟುಗಳಲ್ಲಿ ಕಾಲಿಡಲು ಗಿಡ್ಡ ಕವಲು ಬಿಟ್ಟ ಆ ಏಣಿಯನ್ನು ನಮ್ಮ ತೋಟಗಳಲ್ಲಿ ಕರಿಮೆಣಸು ಕೊಯ್ಯಲು ಅಡಿಕೆ ಮರಕ್ಕೆ ಒರಗಿಸುತ್ತಾರೆ. ಚಿತ್ರದಲ್ಲಿ ಏಣಿ ಇದೆ, ಮರ ಇಲ್ಲ, ಬಳ್ಳಿ ಇಲ್ಲ. ಮರುವಾಯಿ ಅಳಿವೆಯ ಮರಳಿನಲ್ಲಿ ಹುದುಗಿರುವ ಜೀವಿ, ಇಲ್ಲಿ ಆಕಾಶದಲ್ಲಿದೆ, ಕೆಳಗಿನ ಬಯಲಲ್ಲಿ ಒಂದು ಹನಿ ನೀರಿಲ್ಲ. ನನಗಂತೂ ಇದು ತೋಟವನ್ನೂ ಹೊಳೆಯನ್ನೂ ಕಳಕೊಂಡ ನೆಲದ ಚಿತ್ರವಾಗಿ ಕಾಣುತ್ತದೆ. ಮಹತ್ವಾಕಾಂಕ್ಷೆ ಇದರಲ್ಲಿ ಎಲ್ಲೂ ಕಾಣಲಿಲ್ಲ.

ಹಾಗಂತ ‘ನಿಮಗೆ ಕಂಡದ್ದೇ ಅರ್ಥ’ ಅನ್ನುವುದನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ನಿಮ್ಮ ಓದಿಗೆ ಕ್ಯಾನ್ವಾಸಿನಲ್ಲೇ ಆಧಾರ ಬೇಕು. ಇನ್ನೊಮ್ಮೆ ಹೋದರೆ ನೆರಳು ನೋಡಿ. ಏಣಿಯ ನೆರಳು ಮರುವಾಯಿಯ ಎದುರು ದಿಕ್ಕಿಗೆ ಬಿದ್ದಿದ್ದರೆ, ಆ ಚಿಪ್ಪೇ ಅಲ್ಲಿ ಬೆಳಕು ಕೊಡುತ್ತಿದೆ. ಇಲ್ಲದಿದ್ದರೆ ಬೆಳಕು ಬೇರೆಲ್ಲಿಂದಲೋ ಬರುತ್ತಿದೆ, ಆಗ ನನ್ನ ಓದೂ ಬದಲಾಗಬೇಕಾದೀತು.

ಕಪ್ಪು ಆಕಾರಗಳಿಗೆ ಸುಮ್ನೆ ಹೆಸರಿಡಲು ಹೋಗಬೇಡಿ. ಅವು ನೆಲಕ್ಕೆ ಭಾರವಾಗಿ ಕೂತಿವೆಯೋ, ತೇಲುತ್ತಿವೆಯೋ, ಅಷ್ಟು ಗಮನಿಸಿದರೂ ಸಾಕು. 1925ರಲ್ಲಿ ಇನ್ನೊಬ್ಬ ಸರ್ರಿಯಲಿಸ್ಟ್ ಮ್ಯಾಕ್ಸ್ ಅರ್ನ್ಸ್ಟ್ ಮರದ ನೆಲಹಾಸಿನ ಮೇಲೆ ಕಾಗದ ಇಟ್ಟು ಉಜ್ಜಿ, ಮೂಡಿದ ಗೆರೆಗಳಲ್ಲೇ ಕಾಡು, ಪ್ರಾಣಿ ಕಂಡ. ಕೆಲವು ಆಕಾರ ಹೀಗೆ ಕೈಕೆಲಸದಲ್ಲೇ ಹುಟ್ಟುತ್ತವೆ, ಅವುಗಳ ಹಿಂದೆ ಮೊದಲೇ ಯೋಚಿಸಿಟ್ಟ ಅರ್ಥ ಇರುವುದಿಲ್ಲ.

ಪ್ರಶ್ನೆ: ಇಂಥ ಚಿತ್ರಗಳ ಶೀರ್ಷಿಕೆ ಓದಿದರೆ ಅರ್ಥ ಸಿಗುತ್ತಾ?
– ಓದುಗರೊಬ್ಬರು, ಮಣಿಪಾಲ

ಉತ್ತರ: ಕೆಲವೊಮ್ಮೆ. ಆದರೆ ಸರ್ರಿಯಲಿಸ್ಟ್ ಚಿತ್ರಕಾರ ಈವ್ ಟಾಂಗಿಯ 1927ರ ಒಂದು ಚಿತ್ರದ ಹೆಸರು ‘ಅಮ್ಮಾ, ಅಪ್ಪನಿಗೆ ಗಾಯವಾಗಿದೆ!’ ಅಂತ. ನೋಡಿದರೆ ಬೋಳು ಬಯಲು, ಹೆಸರಿಲ್ಲದ ಆಕಾರಗಳು. ಅಮ್ಮನೂ ಇಲ್ಲ, ಅಪ್ಪನೂ ಇಲ್ಲ. ಅವನೂ ಬ್ರೆಟನ್ನರೂ ಮನೋರೋಗಿಗಳ ದಾಖಲೆಯ ಪುಸ್ತಕಗಳಲ್ಲಿ ಶೀರ್ಷಿಕೆಗಾಗಿ ಸಾಲು ಹುಡುಕಿದ್ದರು. ಮೊದಲು ಚಿತ್ರವನ್ನೇ ನಿಧಾನವಾಗಿ ನೋಡಿ, ಚೀಟಿ ಆಮೇಲೆ ಓದಿ.