ಎಡಚಿಯಲ್ಲ, ತೋರಿಸಿ

ಪ್ರಶ್ನೆ: ಮಗಳು 28ನೇ ವಾರಕ್ಕೇ ಹುಟ್ಟಿದಳು. ಈಗ ಏಳು ತಿಂಗಳು. ಗಿಲಕಿ ಕೊಟ್ಟರೆ ಎಡಗೈಯಲ್ಲಷ್ಟೇ ಹಿಡಿಯುತ್ತಾಳೆ, ಬಲಮುಷ್ಟಿ ಬಿಚ್ಚುವುದೇ ಇಲ್ಲ. ‘ಎಡಚಿ ಇರಬೇಕು ಬಿಡು’ ಅಂತಾರೆ ಅತ್ತೆ. ಕಾಯಲೇ?
– ಒಬ್ಬ ತಾಯಿ, ಬಸವನಗುಡಿ

ಉತ್ತರ: ಕಾಯಬೇಡಿ ತಾಯಿ. ಅವಳು 12 ವಾರ ಮೊದಲೇ ಬಂದವಳು, ಹಾಗಾಗಿ ನಮ್ಮ ಲೆಕ್ಕದಲ್ಲಿ ಅವಳಿಗೀಗ ನಾಲ್ಕೇ ತಿಂಗಳು. ಇನ್ನೂ ಕೂರುತ್ತಿಲ್ಲವೆಂದು ಕೊರಗಬೇಡಿ. ಆದರೆ ಆ ಮುಷ್ಟಿಯ ಮಾತೇ ಬೇರೆ. ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸಿದರೆ ಅದನ್ನು ಎಡಚತನ ಅನ್ನಲಾಗದು. ಇನ್ನೊಂದು ಕೈ ಸೋತಿರಬಹುದು. ಸ್ನಾನ ಮಾಡಿಸುವಾಗ ನೋಡಿ, ಬಲ ಅಂಗೈ ಮಡಿಕೆಯಲ್ಲಿ ನೂಲಿನ ಎಳೆ, ಹಾಲಿನ ಜಿಗುಟು ಸಿಕ್ಕಿಕೊಂಡಿರುತ್ತದೆಯೇ? ಫಿಸಿಯೋಥೆರಪಿಸ್ಟ್ ಆಗಿ ನಾನು ತಾಯಂದಿರನ್ನು ಮೊದಲು ಕೇಳುವುದೇ ಅದನ್ನು.

ಅವಳು ಎಚ್ಚರವಾಗಿ, ಖುಷಿಯಾಗಿರುವಾಗ ಬರೀ ಚಡ್ಡಿಯಲ್ಲಿ ಅಂಗಾತ ಮಲಗಿಸಿ, ಆಟಿಕೆ ಕೊಡದೆ, ಮಾತಾಡಿಸದೆ ಮೂರು ನಿಮಿಷ ವಿಡಿಯೊ ಮಾಡಿ. ನಮ್ಮ ಲೆಕ್ಕದ ಮೂರರಿಂದ ಐದು ತಿಂಗಳೊಳಗೆ ಕತ್ತು, ಮೈ, ಕೈಕಾಲುಗಳಲ್ಲೆಲ್ಲ ಸಣ್ಣ ಸಣ್ಣ ಮಿಸುಕಾಟ ಕಾಣಬೇಕು. ನರವಿಜ್ಞಾನಿ ಹೈಂಜ್ ಪ್ರೆಕ್ಟಲ್ ರೂಪಿಸಿದ ಈ ಪರೀಕ್ಷೆಗೆ ಸೂಜಿ ಬೇಡ, ನೋವಿಲ್ಲ. ಆದರೆ ಈ ಸಮಯ ಮೀರಿದರೆ ಮತ್ತೆ ಸಿಗದು.

ವಿಡಿಯೊ ಮತ್ತು ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಡಿಸ್ಚಾರ್ಜ್ ಚೀಟಿ ಹಿಡಿದು ಇದೇ ವಾರ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ, ಹತ್ತಿರದ ಮಕ್ಕಳ ನರರೋಗ ತಜ್ಞರಿಗೋ ತೋರಿಸಿ. ಅತ್ತೆಯವರನ್ನೂ ಕರೆದೊಯ್ಯಿರಿ. ಅಷ್ಟರವರೆಗೆ ಗಿಲಕಿಯನ್ನು ಬಲಗಡೆಯಿಂದಲೇ ಕೊಡಿ.